ಜನ್ನತಬಿ ಕೀಲಿ ತೆಗೆದ ಮೇಲೆ

ಅಥಣಿ ತಾಲೂಕಿನ ಶಿಕ್ಷಣದ ಇತಿಹಾಸದಲ್ಲಿ ದಪ್ಪಕ್ಷರದಲ್ಲಿ ದಾಖಲಾಗಬೇಕಾದ ಸಂಗತಿಯೊಂದಿದೆ. ಐಗಳಿ ಸೀಮೆಯ ತೋಟದ ಶಾಲೆಯೊಂದರಲ್ಲಿ ಹುಡುಗಿಯರ ಸಂಡಾಸ ಈಗ ದಿನಾಲೂ ಹೊಲಸಾಗುತ್ತಿದೆ.

ಅದನ್ನು ತೊಳೆಯುವವರು ಜನ್ನತಬಿ, ವಯಸ್ಸು ಐವತ್ತಾರು. ಬೆಳಗಿನ ಆರು ಗಂಟೆ. ದ್ರಾಕ್ಷಿಗೆ ಔಷಧ ಹೊಡೆಯುವ ಟ್ರ್ಯಾಕ್ಟರು ಎಲ್ಲೋ ಗುರುಗುಡುತ್ತಿದೆ. ಸೀರೆ ಎತ್ತಿ ಕಟ್ಟಿ, ಕಸಬರಿಗೆ ಹಿಡಿದು ಜನ್ನತಬಿ ಆಗಲೇ ಒಳಗಿದ್ದಾರೆ. ಪತ್ರಿಕೆಗೆ ಬರೆಯಲು ಬಂದ ನನ್ನನ್ನು ಬಾಗಿಲಲ್ಲೇ ತಡೆಯುತ್ತಾರೆ. "ಹೊರಗ ನಿಂದರ್ರಿ ಸಾಹೇಬ್ರ, ಜಾರತೈತಿ. ನೀವು ಬಿದ್ರ ಪೇಪರಿನ್ಯಾಗ ನನ್ನ ಹೆಸರ ಬ್ಯಾರೇನ ಬರತೈತಿ."

ಹನ್ನೊಂದು ವರ್ಷದ ಕೆಲಸದಲ್ಲಿ ಹತ್ತು ವರ್ಷ ಅವರ ಸಂಡಾಸ ಫಳಫಳ ಹೊಳೆಯುತ್ತಿತ್ತು. ತಪಾಸಣೆಗೆ ಬಂದವರು ಬೇರೆ ಶಾಲೆಯವರಿಗೆ ತೋರಿಸಿ ಹೊಗಳುತ್ತಿದ್ದರು. ಗುಟ್ಟು ಸರಳ: ತೊಳೆದ ಮೇಲೆ ಜನ್ನತಬಿ ಕೀಲಿ ಹಾಕಿ, ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದರು. ಹುಡುಗಿಯರು ಸಂಜೆತನಕ ತಡೆದುಕೊಳ್ಳುತ್ತಿದ್ದರು. ಯಾರೂ ದೂರಲಿಲ್ಲ.

ಅವರಲ್ಲೊಬ್ಬಳು ನಾಲ್ಕನೆಯ ಇಯತ್ತೆಯ ರೂಪಾಲಿ. ಅವಳಿಗೆ ಮೂತ್ರಪಿಂಡದ ಕಾಯಿಲೆ. ಮೂತ್ರದಲ್ಲಿ ಪ್ರೋಟೀನು ಸೋರಿಹೋಗಿ ಮುಖ, ಕಾಲು ಬಾಯುತ್ತವೆ. ಅದಕ್ಕೆ ಕೊಡುವ ಗುಳಿಗೆ ರೋಗ ತಡೆಯುವ ಶಕ್ತಿಯನ್ನೂ ತಗ್ಗಿಸುವುದರಿಂದ ಮೂತ್ರದ ಸೋಂಕು ಬೇಗ ತಗಲುತ್ತದೆ. ಸೋಂಕಿನ ಹಿಂದೆಯೇ ಬಾವು ಮರಳುತ್ತದೆ. ಒಂದೇ ವರ್ಷದಲ್ಲಿ ಮೂರು ಸಲ ಹಾಗಾದಾಗ, ಹೀಗೇ ಸಾಗಿದರೆ ಮೂತ್ರಪಿಂಡಕ್ಕೆ ಕಾಯಂ ಪೆಟ್ಟು ಬಿದ್ದೀತು ಎಂದರು ಅಥಣಿಯ ಡಾಕ್ಟರು. ದಿನಕ್ಕೆ ಎಷ್ಟು ಸಲ ಒಂದಕ್ಕೆ ಹೋಗುತ್ತೀ ಎಂದು ಹುಡುಗಿಯನ್ನೇ ಕೇಳಿದರು.

"ಮುಂಜಾನೆ ಒಮ್ಮೆ, ಸಾಲಿ ಬಿಟ್ಟ ಮ್ಯಾಲ ಒಮ್ಮೆ. ಸಾಲ್ಯಾಗ ಕೀಲಿ ಇರತೈತ್ರಿ."

ಮರುದಿನವೇ ಅವಳ ಅಜ್ಜಿ ಕಸ್ತೂರೆವ್ವ ಶಾಲೆಯ ಅಂಗಳದಲ್ಲಿ ಹಾಜರು.

"ಯಾರ ಸಲುವಾಗಿ ತೊಳೀತಿ ಬೇ ಜನ್ನತಬಿ? ವರ್ಷಕ್ಕೊಮ್ಮೆ ಬರೂ ಸಾಹೇಬ ಇಲ್ಲೆ ಕುಂಡ್ರತಾನೇನ?"

"ಹುಡುಗ್ಯಾರು ಹೊಲಸ ಮಾಡ್ತಾರ ಯಕ್ಕಾ!"

"ಸಂಡಾಸ ಬೇ ಅದು, ದೇವರ ಮನಿ ಅಲ್ಲ. ಹೊಲಸ ಆಗಾಕ ಕಟ್ಟ್ಯಾರ!"

ಜನ್ನತಬಿ ಸುಮ್ಮನಾಗುವವರಲ್ಲ. "ನಿನ್ನ ಮೊಮ್ಮಗಳು ತುಂಬಿದ ನೀರಿನ ಬಾಟ್ಲಿ ತುಂಬಿದಂಗ ವಾಪಸ್ ಒಯ್ತಾಳಲ್ಲ, ಅದರ ಬಾಯಿಗೂ ನಾನ ಕೀಲಿ ಹಾಕೇನೇನ?"

ಕಸ್ತೂರೆವ್ವನ ದನಿ ಇಳಿಯಿತು. ಬಾವು ಬಂದಾಗ ನೀರು ಅಳೆದು ಕೊಡಿ ಎಂದಿದ್ದರು ಡಾಕ್ಟರು. ಬಾವು ಇಳಿದ ಮೇಲೂ ಅಜ್ಜಿ ಅಳೆಯುವುದನ್ನು ಬಿಟ್ಟಿರಲಿಲ್ಲ, ಶಾಲೆಯಲ್ಲಿ ಕುಡಿಯಲೂ ಬಿಡುತ್ತಿರಲಿಲ್ಲ. "ಅಂಜಿಕಿ ಬೇ," ಎಂದು ಅಲ್ಲೇ ಕಟ್ಟೆಯ ಮೇಲೆ ಕುಳಿತರು. ಬಾವಿಲ್ಲದಾಗ ಹುಡುಗಿ ಚೆನ್ನಾಗಿ ನೀರು ಕುಡಿಯಬೇಕು, ಮೂತ್ರ ತಡೆಯಬಾರದು, ಮಲಬದ್ಧತೆ ಆಗಬಾರದು ಎಂದು ಡಾಕ್ಟರಿಂದ ಮತ್ತೊಮ್ಮೆ ಕೇಳಿಕೊಂಡು ಬಂದರು. ಅಷ್ಟರಲ್ಲಿ ಜನ್ನತಬಿ ಕೀಲಿ ತೆಗೆದಿದ್ದರು.

ಈಗ ಎರಡನೆಯ ಪಿರಿಯಡ್ ಮುಗಿಯುತ್ತಲೇ ಅವರು ವರ್ಗದ ಬಾಗಿಲಲ್ಲಿ ನಿಲ್ಲುತ್ತಾರೆ. "ರೂಪಾಲಿ, ನೀರ ಕುಡಿ, ಒಂದಕ್ಕ ಹೋಗು. ಗಡಬಡ ಮಾಡಬ್ಯಾಡ, ಪೂರಾ ಆಗೂತನಕ ಕುಂಡ್ರು." ಈ ವೈದ್ಯಕೀಯ ಸಲಹೆ ಪಕ್ಕದ ದ್ರಾಕ್ಷಿ ತೋಟಕ್ಕೂ ಕೇಳಿಸುತ್ತದೆ. ಮೊದಲ ವಾರ ಹುಡುಗಿ ನಾಚಿ ಬೆಂಚಿನ ಕೆಳಗೆ ಬಗ್ಗಿದ್ದಳಂತೆ. ಈಗ, "ಹೊಂಟೆ ತಡಿ ಆಯಿ, ನನಗಿಂತ ನಿನಗ ಅವಸರ," ಎನ್ನುತ್ತಾಳೆ. ಅವಳ ಹಿಂದೆ ಇನ್ನೂ ಹತ್ತು ಹುಡುಗಿಯರು ಹೊರಡುತ್ತಾರೆ.

ಒಮ್ಮೆ ತೊಳೆದರೆ ಸಾಲುತ್ತಿದ್ದುದನ್ನು ಈಗ ಮೂರು ಸಲ ತೊಳೆಯಬೇಕು. ಎಂಟು ಬಕೆಟ್ ನೀರು ಇಪ್ಪತ್ತನಾಲ್ಕಾಗಿದೆ. ಎಲ್ಲವನ್ನೂ ಬೋರಿನಿಂದ ಹೊತ್ತೇ ತರಬೇಕು. ಈ ವರ್ಷದ ತಪಾಸಣೆಯಲ್ಲಿ ಹೊಗಳಿಕೆಯೂ ಸಿಗಲಿಲ್ಲ, ಮೂಲೆಯಲ್ಲಿ ಕಲೆ ಕಂಡಿತಂತೆ.

"ಕಾಣಲಿ ಬಿಡ್ರಿ. ಹುಡುಗ್ಯಾರು ಬಂದು ಹೋಗ್ಯಾರ ಅಂತ ಗೊತ್ತಾಗತೈತಿ. ಒಳಗ ಒಂದು ನಳ ಕೊಟ್ರ ಸಾಕು, ನನ್ನ ಸೊಂಟ ಉಳೀತೈತಿ."

ನಳ ಇನ್ನೂ ಬಂದಿಲ್ಲ. ಕಳೆದ ವಾರದ ಮೂತ್ರ ಪರೀಕ್ಷೆಯ ವರದಿ ಬಂದಿದೆ. ಎಂಟು ತಿಂಗಳಿಂದ ರೂಪಾಲಿಗೆ ಸೋಂಕಾಗಿಲ್ಲ.