ಗ್ಯಾನ ಇತ್ತಾ, ಇಲ್ಯಾ

ಆಗ ನನಗೆ ಐವತ್ತಾರು. ಅದಾಗಿ ಹದಿನೈದು ವರ್ಷ ಕಳೆಯಿತು. ನಮ್ಮ ಮನೆಯವರು ಹೆಮ್ಮಾಡಿಯ ಮನೆಯ ಹಂಚು ಸರಿಪಡಿಸಲು ಮಾಡಿನ ಮೇಲೆ ಹತ್ತಿ ಜಾರಿಬಿದ್ದರು. ತಲೆಗೆ ಪೆಟ್ಟು. ಪಕ್ಕದ ಮನೆಯವರ ರಿಕ್ಷಾದಲ್ಲಿ ಹಾಕಿಕೊಂಡು ಕುಂದಾಪುರದ ಆಸ್ಪತ್ರೆಗೆ ಹೋದೆ. ಬೆಳಿಗ್ಗೆಯಿಂದ ಬುಟ್ಟಿ ಹೊತ್ತು ಮೀನು ಮಾರಿ ಆಗಷ್ಟೇ ಮನೆಗೆ ಬಂದವಳು. ನಿಲ್ಲಲು ಕಾಲಲ್ಲಿ ಜೀವ ಇರಲಿಲ್ಲ.

ಡಾಕ್ಟರು ಘಟ್ಟದ ಮೇಲಿನವರು, ಎಳೆ ಪ್ರಾಯ. "ಬಿದ್ದ ಮೇಲೆ ಇವರಿಗೆ ಜ್ಞಾನ ಇತ್ತೇನಮ್ಮಾ?" ಎಂದು ಕೇಳಿದರು.

ನಮ್ಮ ಬಾಯಲ್ಲಿ ಗ್ಯಾನ ಅಂದರೆ ಬುದ್ಧಿ. ನೆನಪಿಗೂ ಅದೇ ಮಾತು. ಪಾಚಿಗಟ್ಟಿದ ಮಾಡು ಹತ್ತಬೇಡಿ ಎಂದು ಎಷ್ಟು ಬಡಕೊಂಡಿದ್ದೆ! ಸಿಟ್ಟಲ್ಲಿ ಹೇಳಿಬಿಟ್ಟೆ: "ಇವ್ರಿಗೆ ಗ್ಯಾನವಾ? ಮದಿ ಆದ್ ದಿನದಿಂದ್ಲೂ ಇಲ್ಲೆ."

ಮದುವೆಯಾದಾಗಿನಿಂದಲೂ ಇಲ್ಲವೇ ಎಂದು ಡಾಕ್ಟರು ಗಾಬರಿಯಾದರು. ನಮ್ಮ ಕಡೆಯ ನರ್ಸ್ ನಗು ತಡೆದುಕೊಂಡು, "ಅಮ್ಮಾ, ಎಚ್ರ ಇತ್ತಾ ಅಂತ ಕೇಂಬುದ್ ಅವ್ರ್" ಎಂದಳು.

ಎಚ್ಚರ ಇತ್ತು. ದಾರಿಯುದ್ದಕ್ಕೂ ನರಳಿದ್ದರು. ಮಾತು ಮಾತ್ರ ಆಡಿರಲಿಲ್ಲ.

ಡಾಕ್ಟರು ನನ್ನನ್ನು ತೋರಿಸಿ, "ಇವರು ಯಾರು, ಹೇಳಿ" ಎಂದು ಮನೆಯವರನ್ನು ಕೇಳಿದರು.

"ಗೊತ್ತಿಲ್ಲೆ."

ಆಯುಷ್ಯವಿಡೀ ಅವರು ಎಲ್ಲದಕ್ಕೂ ಕೊಟ್ಟ ಉತ್ತರ ಅದೇ. ಕತ್ತಿ ಎಲ್ಲಿ? ಗೊತ್ತಿಲ್ಲೆ. ಊಟಕ್ಕೆ ಎಷ್ಟು ಹೊತ್ತಿಗೆ ಬರುತ್ತೀರಿ? ಗೊತ್ತಿಲ್ಲೆ. ಇದು ಆ ಹಳೇ ಚಾಳಿಯೋ, ನಿಜವಾಗಿಯೂ ಗೊತ್ತಿಲ್ಲವೋ? ಗುರುತು ಸಿಗದಿದ್ದರೆ ಮಿದುಳಿಗೆ ಪೆಟ್ಟಾಗಿರಬಹುದು, ಈಗಲೇ ದೊಡ್ಡಾಸ್ಪತ್ರೆಗೆ ಸಾಗಿಸಬೇಕು ಎಂದರು ಡಾಕ್ಟರು. "ನೀವೇ ಒಮ್ಮೆ ಮಾತಾಡಿಸಿ ನೋಡಿ."

ನಾನು ಯಾರೆಂದು ಕೇಳಿದರೆ ಮತ್ತೆ ಅದನ್ನೇ ಹೇಳುವ ಜನ. ಬೇರೆ ದಾರಿ ಕಾಣದೆ, "ಹ್ವಾಯ್, ನಿನ್ನೆ ಬಂಗ್ಡಿ ಮೀನ್ ಸಾರ್ ಹ್ಯಾಂಗಿತ್ತ್?" ಎಂದೆ.

ಕಣ್ಣು ತೆರೆಯದೆ ಗೊಣಗಿದರು: "ಉಪ್ಪ್ ಹಾಕುಕೆ ನಿಂಗೆ ಯಾವತ್ ಗ್ಯಾನ ಇತ್ತ್?"

ನರ್ಸ್ ಬಾಯಿಗೆ ಕೈ ಅಡ್ಡ ಹಿಡಿದಳು. ಗುರುತು ಸಿಕ್ಕಿತಲ್ಲ, ಇವತ್ತು ಇಲ್ಲೇ ಇರಲಿ, ನೋಡಿಕೊಳ್ಳುತ್ತೇವೆ ಎಂದರು ಡಾಕ್ಟರು. ನಾನು ಗೋಡೆ ಹಿಡಿದು ನೆಲಕ್ಕೆ ಕೂತೆ. ಅಳು ಬರಲಿಲ್ಲ. ಅಳಲಿಕ್ಕೂ ಮೈಯಲ್ಲಿ ತ್ರಾಣ ಬೇಕಲ್ಲ.

ಮರುದಿನ ಬೆಳಿಗ್ಗೆ ಮಗಳು ಬಂದು ಅಪ್ಪನ ಪಕ್ಕ ಕೂತಳು. ನಾನು ಬಸ್ಸು ಹತ್ತಿ ಮನೆಗೆ ಹೋಗಿ, ಕೋಳಿಗೂಡಿನ ಬಾಗಿಲು ತೆಗೆದು, ಚಾ ಸಹ ಕುಡಿಯದೆ ಚಾಪೆ ಮೇಲೆ ಬಿದ್ದುಕೊಂಡೆ.