ಬಟ್ಟೆಬಿಲ್ಲೆಯ ಬೋಣಿ

ಅಂಕೋಲೆಯ ಪೇಟೆ ಓಣಿಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ. ಎದುರಿಗೆ ಕಾರವಾರದಿಂದ ಬೆಳಗಿನ ಟೆಂಪೋದಲ್ಲಿ ಮೀನು ತರುವವಳು, ಪಕ್ಕದಲ್ಲಿ ಮಂಜಗುಣಿಯಿಂದ ಹರಿವೆ, ಬದನೆ ತರುವವಳು. ಬಾಳೆಗುಳಿಯ ಕಡೆ ದೊಡ್ಡ ಮಾರ್ಟು ಬಂದ ಮೇಲೆ ಗಿರಾಕಿಗಳು ಅತ್ತ ತಿರುಗಿದರು. ನಾಚಿಕೆಗೇಡೆಂದರೆ, ಓಣಿಯಲ್ಲಿ ಮಾರುವ ನಾವೂ ಸಂಜೆ ಅಲ್ಲಿಂದಲೇ ತರಕಾರಿ ತರುತ್ತಿದ್ದೆವು!

"ಬಸ್ ಚಾರ್ಜೂ ಹುಟ್ಟೂದಿಲ್ಲ. ಈ ವಾರ ನೋಡ್ತೆ, ಆಮೇಲೆ ನಾ ಬರೂದಿಲ್ಲ," ಎಂದಳು ತರಕಾರಿಯವಳು.

ಅವಳನ್ನು ಹಾಗೆ ಬಿಡಲಾದೀತೇ? ನನ್ನ ಮಗಳ ಬಾಣಂತನದಲ್ಲಿ ದಿನವೂ ಸೊಪ್ಪು ಕೊಟ್ಟು ದುಡ್ಡು ಮುಟ್ಟದವಳು ಅವಳು.

ಎಲ್ಲೋ ಒಂದೂರಿನವರು ತಮ್ಮದೇ ನಾಣ್ಯ ಮಾಡಿಕೊಂಡ ಸುದ್ದಿಯನ್ನು ಮೊಬೈಲಿನಲ್ಲಿ ನೋಡಿದ್ದೆ. ನಾವೇನು ಕಡಿಮೆ? ಉಳಿದ ಬ್ಲೌಸ್ ಚೂರುಗಳನ್ನು ದುಂಡಗೆ ಕತ್ತರಿಸಿ, ಅಂಚು ಹೊಲಿದು ಬಿಲ್ಲೆ ಮಾಡಿದೆ. ಒಂದಕ್ಕೆ ಇಪ್ಪತ್ತು ರೂಪಾಯಿಯ ಸಾಮಾನು. ನಮ್ಮ ಓಣಿ ಬಿಟ್ಟು ಎಲ್ಲೂ ನಡೆಯದು. ಓಣಿಯ ವ್ಯಾಪಾರದವರಿಗೆಲ್ಲ ಐದೈದು ಹಂಚಿದೆ. ಮೊದಲ ಬೆಳಗು ಏನು ಗಡಿಬಿಡಿ, ಏನು ನಗೆ!

ಮೂರನೇ ದಿನ ಒಂದು ಬಿಲ್ಲೆಯೂ ಕಾಣಲಿಲ್ಲ. ಮತ್ತೆ ಎಲ್ಲರ ಕೈಯಲ್ಲಿ ಮಾರ್ಟಿನ ಚೀಲ. ನನಗೆ ಪಿತ್ತ ನೆತ್ತಿಗೇರಿತು. ಮೀನಿನವಳೆದುರು ಸೊಂಟಕ್ಕೆ ಕೈಕೊಟ್ಟು ನಿಂತೆ.

"ಬಿಲ್ಲೆ ಎಲ್ಲಿ ಹೋದ್ವೇ?"

"ಬೋಣಿ ಮಾರಾಯ್ತಿ! ದೇವ್ರ ಫೋಟೋ ಹಿಂದೆ ಇಟ್ಟಿದ್ದೆ. ಬೋಣಿ ಯಾರಾದ್ರೂ ಖರ್ಚು ಮಾಡ್ತ್ರಾ?"

ಗಿರಾಕಿಗಳು ಬರುವ ಮೊದಲೇ ನಾವು ಒಬ್ಬರಿಂದೊಬ್ಬರು ಕೊಳ್ಳುತ್ತಿದ್ದೆವಲ್ಲ, ಬಿಲ್ಲೆಗಳೆಲ್ಲ ದಿನದ ಮೊದಲ ವ್ಯಾಪಾರವಾಗಿಯೇ ಕೈಗೆ ಬಿದ್ದಿದ್ದವು. ಕಣ್ಣಿಗೊತ್ತಿಕೊಂಡು ಎತ್ತಿಟ್ಟಿದ್ದರು, ಓಣಿಗೆ ಓಣಿಯೇ! ನಗುತ್ತಲೇ ಕೂಗಾಡಿದೆ. "ದೇವರಿಗೆ ಬದನೆಕಾಯಿ ಬೇಕಾಗಿತ್ತಾ? ಹೊರಗೆ ತೆಗೀರೇ!"

ಗೊಣಗುತ್ತ ತೆಗೆದರು.

ಶನಿವಾರ, ಅವಳು ಹೇಳಿದ ವಾರದ ಕೊನೆಯ ದಿನ. ಬೆಳಿಗ್ಗೆ ಹಸಿರು ಜರಿಯ ಬಿಲ್ಲೆ ಕೊಟ್ಟು ಬಂಗಡೆ ತಂದೆ. ಮೀನಿನವಳು ಅದನ್ನೇ ಕೊಟ್ಟು ಬದನೆ ಒಯ್ದಳು. ಸ್ವಲ್ಪ ಹೊತ್ತಿಗೆ ತರಕಾರಿಯವಳು ಹರಿದ ಚೀಲ ಹೊಲಿಸಲು ಬಂದಳು. ಹೊಲಿದುಕೊಟ್ಟೆ. ಅವಳು ನನ್ನ ಕೈಯಲ್ಲಿಟ್ಟದ್ದು ಅದೇ ಹಸಿರು ಜರಿ! ಮೀನಿನ ವಾಸನೆ, ಗದ್ದೆಯ ಮಣ್ಣು ಎರಡೂ ಹತ್ತಿದ್ದವು. ಅಯ್ಯೋ, ಎದ್ದು ಕುಣಿಯಬೇಕೆನಿಸಿತು. ಆ ದಿನದ ನನ್ನ ಮೊದಲ ಗಿರಾಕಿ ಅವಳೇ. ಬಿಲ್ಲೆಯನ್ನು ಕಣ್ಣಿಗೊತ್ತಿಕೊಂಡೆ. ಕೈ ತಾನಾಗಿ ದೇವರ ಫೋಟೋದತ್ತ ಹೋಯಿತು.

ಅವಳು ಗಪ್ಪನೆ ನನ್ನ ಮಣಿಕಟ್ಟು ಹಿಡಿದಳು. "ಏ! ಅದ್ನ ಅಲ್ಲಿಟ್ರೆ ಸೋಮವಾರ ನನ್ನ ಹರಿವೆ ಯಾರು ತಕಣ್ತ್ರು?"

ಸೋಮವಾರ ಅಂದಳು! ಬಿಲ್ಲೆಯನ್ನು ಅವಳ ಕೈಗೇ ಹಾಕಿ, ಪಕ್ಕದಲ್ಲಿದ್ದ ಅವಳ ಬುಟ್ಟಿಯಿಂದ ಎರಡು ಕಟ್ಟು ಹರಿವೆ ಎತ್ತಿಕೊಂಡೆ.