ಕುರ್ಚಿ ಬಿಡಲಾಗದ ದೊಡ್ಡಪ್ಪ

ನಮ್ಮ ದೊಡ್ಡಪ್ಪನ ಕತ್ತು ತಿರುಗುತ್ತಿರಲಿಲ್ಲ. ಪ್ರಾಯದಲ್ಲಿ ಚಿನ್ನದ ಗಣಿಯೊಳಗೆ ಹೆಗಲ ಮೇಲೆ ಕಲ್ಲು ಬಿದ್ದಾಗಿನಿಂದ ಅದು ಮರಗಟ್ಟಿಹೋಗಿತ್ತು. ಪಕ್ಕದಿಂದ ಯಾರಾದರೂ ಕರೆದರೆ ಕಾಲಿನಿಂದ ಹಿಡಿದು ಇಡೀ ಮೈಯನ್ನೇ ಆ ಕಡೆ ತಿರುಗಿಸಿ ನಿಲ್ಲುತ್ತಿದ್ದರು. ಗೊತ್ತಿಲ್ಲದವರಿಗೆ ಅದು ಗತ್ತಿನಂತೆ ಕಾಣುತ್ತಿತ್ತು. ತಮಗೆ ತಲೆಯಾಡಿಸಲು ಬರುವುದಿಲ್ಲವೆಂದೋ ಏನೋ, ಬೇರೆಯವರು ಆಡಿಸಿದರೂ ಒಪ್ಪುತ್ತಿರಲಿಲ್ಲ. "ಆಗ್ತದೋ ಆಗಲ್ವೋ, ಬಾಯ್ಬಿಟ್ಟು ಏಳು" ಎನ್ನುತ್ತಿದ್ದರು.

ಗಣಿ ಕೆಲಸಗಾರರ ಸಾಲುಮನೆಗಳಿದ್ದ ಊರಿಗಾಂ ಲೈನಿನಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ತಟ್ಟಿ ಗೋಡೆ. ನಾನು ತೊಟ್ಟಿಲಲ್ಲಿದ್ದಾಗಲೇ ಅಪ್ಪ ತೀರಿಕೊಂಡಿದ್ದರಿಂದ ನನಗೆ ಅಪ್ಪ ಎಂದರೆ ದೊಡ್ಡಪ್ಪನೇ. ಲೈನಿನ ಕೊನೆಯಲ್ಲಿ ತಗಡು ಹೊದಿಸಿದ ನಮ್ಮ ದೇವಾಲಯ. ಅಲ್ಲಿ ಹಾಡು ತಮಿಳಿನಲ್ಲಿ, ಬೈಬಲ್ ಓದುವುದು ಕನ್ನಡದಲ್ಲೂ ತೆಲುಗಿನಲ್ಲೂ. ಮೊದಲು ಅಲ್ಲಿನದೆಲ್ಲವೂ ಒಬ್ಬ ಬಿಳಿ ದೊರೆ ಪಾದ್ರಿಯ ಮಾತಿನಂತೆ ನಡೆಯುತ್ತಿತ್ತು. ಯಾರ ಮದುವೆ ಮಾಡಿಸಬೇಕು, ಯಾರಿಗೆ ಪ್ರಭುಭೋಜನ ಕೊಡಬಾರದು, ಎಲ್ಲ ಅವರೇ ಹೇಳುವುದು. ಅವರು ತಮ್ಮ ದೇಶಕ್ಕೆ ಹೊರಟುಹೋದ ಮೇಲೆ, ಇನ್ನು ದೇವಾಲಯಕ್ಕೆ ಬರುವವರ ಸಭೆಯೇ ಕಮಿಟಿ ಆರಿಸಿಕೊಂಡು ತನ್ನನ್ನು ತಾನು ನಡೆಸಿಕೊಳ್ಳಬೇಕು ಎಂದು ಮನೆಮನೆಗೆ ತಿರುಗಿ ಹೇಳಿದವರು ದೊಡ್ಡಪ್ಪ. ಓಟಿಗೆ ಹೆಂಗಸರೂ ಕೈ ಎತ್ತಬೇಕು ಎಂದು ಹಟ ಹಿಡಿದವರೂ ಅವರೇ. "ನಿನ್ನೆಂಡ್ತಿ ಪ್ರಾರ್ಥನೆ ದೇವರು ಕೇಳ್ತಾನೆ, ನೀನು ಕೇಳಲ್ವಾ?" ಎಂದು ಒಬ್ಬೊಬ್ಬರನ್ನೂ ನಿಲ್ಲಿಸಿ ಕೇಳುತ್ತಿದ್ದರು. ಮೊದಲ ಚುನಾವಣೆಯಲ್ಲಿ ಎಲ್ಲರೂ ಕೈ ಎತ್ತಿ ಅವರನ್ನೇ ಅಧ್ಯಕ್ಷರನ್ನಾಗಿ ಮಾಡಿದರು. ಬಲಿಪೀಠದ ಪಕ್ಕದಲ್ಲಿ ಅವರಿಗೊಂದು ಕುರ್ಚಿ ಬಿತ್ತು.

ನಾನು ಆಗ ದಿನಾ ರೈಲಿನಲ್ಲಿ ಬಂಗಾರಪೇಟೆಗೆ ಹೊಲಿಗೆ ಕಲಿಯಲು ಹೋಗುತ್ತಿದ್ದೆ. ಅಲ್ಲಿನ ಗೂಡ್ಸ್ ಶೆಡ್ಡಿನಲ್ಲಿ ಕೆಲಸಕ್ಕಿದ್ದ ಬೂದಿಕೋಟೆ ಕಡೆಯ ಒಕ್ಕಲು ಮನೆಯ ಹುಡುಗನನ್ನು ಮೆಚ್ಚಿಕೊಂಡೆ. ಅವರು ಹಿಂದೂ. ಅವರು ತಮ್ಮ ದೇವರನ್ನು ಬಿಡುವವರಲ್ಲ, ನಾನು ನನ್ನ ದೇವರನ್ನು ಬಿಡುವವಳಲ್ಲ. ರಿಜಿಸ್ಟರ್ ಮದುವೆಯಾದೆವು.

ಮರುವಾರವೇ ಕಮಿಟಿ ಕೂತಿತು. ಕಾರ್ಯದರ್ಶಿಯಾಗಿದ್ದವರು ತುಂಬ ಬಿಗಿ ಮನುಷ್ಯ, ಬಿಳಿ ಪಂಚೆಗೆ ಒಂದು ಸುಕ್ಕು ಬೀಳಲು ಬಿಡದವರು. ನನ್ನನ್ನು ಸಭೆಯಿಂದ ಹೊರಗಿಡಬೇಕೆಂದರು. ದೊಡ್ಡಪ್ಪನನ್ನು ಬಿಟ್ಟು ಉಳಿದವರೆಲ್ಲ ಆಗಲಿ ಎಂದರು. ಸುದ್ದಿ ತಿಳಿದು ನಾನು ದೊಡ್ಡಪ್ಪನ ಅಂಗಳಕ್ಕೆ ಓಡಿದೆ.

"ಅಧ್ಯಕ್ಷರು ನೀವೇ ಅಲ್ವಾ ದೊಡ್ಡಪ್ಪ? ಆಗಲ್ಲ ಅಂತ ತಳ್ಳಾಕಿ."

ಅವರು ಪೂರ್ತಿ ನನ್ನ ಕಡೆ ತಿರುಗಿದರು. ಮುಖ ಬಾಡಿಹೋಗಿತ್ತು. "ನಾನೊಬ್ನೇ ತಳ್ಳಾಕಿದ್ರೆ ನಾನೂ ಆ ದೊರೆನೇ ಆದೆನಲ್ಲಮ್ಮ. ಅವರೆಲ್ಲ ಏಳಿದ್ದಾಗೈತೆ. ಓದೋದು ನನ್ನ ಪಾಲಿಗೆ ಬಂದೈತೆ."

ಭಾನುವಾರ ಅವರು ಎದ್ದು ನಿಂತು ಓದಿದರು. ನನ್ನ ಹೆಸರು, ಅಪ್ಪನ ಹೆಸರು, ಸಭೆಯ ತೀರ್ಮಾನ. ಕೊನೆಗೆ, "ಇದಕ್ಕೆ ನಾನು ಆಗಲ್ಲ ಅಂದಿದ್ದೆ. ಅದೂ ನಿಮಗೆ ಗೊತ್ತಿರಲಿ" ಎಂದರು. ಕತ್ತು ತಿರುಗದ ಮನುಷ್ಯ, ಮುಂದಿನ ಬೆಂಚಿನಲ್ಲಿ ಎದುರಿಗೇ ಕೂತ ನನ್ನನ್ನು ನೋಡದೆ ಓದಲು ಅವರಿಗೆ ದಾರಿಯೇ ಇರಲಿಲ್ಲ. ನಾನು ಎದ್ದು ಹೊರಗೆ ಬಂದೆ.

ಅಮ್ಮ ಆವತ್ತು ಸಂಜೆಯೇ ಅವರಿಗೆ, "ಭಾವ, ಇನ್ನ ನಮ್ಮ ಒಸ್ಲು ತುಳೀಬೇಡಿ" ಎಂದುಬಿಟ್ಟಳು. ನಾನೂ ಬಂಗಾರಪೇಟೆಯಲ್ಲಿ ಬಾಡಿಗೆ ಮನೆ ಮಾಡಿಕೊಂಡು ಅವರ ಹೆಸರೆತ್ತುವುದನ್ನು ಬಿಟ್ಟೆ. ಆ ಮನೆಗೆ ಬೂದಿಕೋಟೆಯವರೂ ಬರುತ್ತಿರಲಿಲ್ಲ, ಊರಿಗಾಮಿನವರೂ ಬರುತ್ತಿರಲಿಲ್ಲ. ಭಾನುವಾರ ಬಂದರೆ ಒಬ್ಬಳೇ ಕೂತು, ಧ್ವನಿ ಆಚೆಗೆ ಕೇಳದ ಹಾಗೆ ಹಾಡಿಕೊಳ್ಳುತ್ತಿದ್ದೆ.

ದೊಡ್ಡಪ್ಪನ ಪಾಡು ನನಗೆ ತಿಳಿದದ್ದು ಆಮೇಲೆ, ದೊಡ್ಡಮ್ಮನ ಬಾಯಿಂದ. ಅವರು ರಾಜೀನಾಮೆ ಕೊಡಲು ಹೊರಟಿದ್ದರಂತೆ. ಆದರೆ ಅವರು ಎದ್ದರೆ ಕುರ್ಚಿಗೆ ಬರುವವರು ಕಾರ್ಯದರ್ಶಿ. ಬಂದ ಕೂಡಲೇ ಹೆಂಗಸರ ಓಟು ತೆಗೆಸುತ್ತೇನೆಂದು ಅವರು ಮೊದಲಿಂದಲೂ ಹೇಳುತ್ತಿದ್ದರು. ಹಾಗಾಗಿ ದೊಡ್ಡಪ್ಪ ಕೂತೇ ಇದ್ದರು. ಪ್ರತಿ ವರ್ಷದ ಮಹಾಸಭೆಯಲ್ಲೂ ನನ್ನ ವಿಷಯ ಎತ್ತುವುದು, ಸೋಲುವುದು, ಮತ್ತೆ ಅವರೇ ಅಧ್ಯಕ್ಷರಾಗಿ ಆರಿಸಿಬರುವುದು. ಅವರ ಮೇಲೆ ಎಲ್ಲರಿಗೂ ಪ್ರೀತಿ, ಅವರ ಮಾತು ಮಾತ್ರ ಬೇಡ. ಮನೆಗೆ ಬಂದು ಉಣ್ಣದೆ ಗೋಡೆ ನೋಡುತ್ತಾ ಕೂರುತ್ತಿದ್ದರಂತೆ. "ಆ ಕುರ್ಚಿ ನಿಮ್ಮನ್ನ ತಿಂತಾ ಐತೆ" ಎಂದು ದೊಡ್ಡಮ್ಮ ಅತ್ತರೆ, "ಕೂತರೂ ಕಷ್ಟ, ಎದ್ದರೂ ಕಷ್ಟ. ಏನ್ಮಾಡ್ಲಿ ನಾನು" ಎನ್ನುತ್ತಿದ್ದರಂತೆ.

ನನ್ನ ಮಗಳು ಹುಟ್ಟಿದಾಗ ಅಮ್ಮ ಬಾಣಂತನಕ್ಕೆ ಬಂದಳು. ಮಗುವನ್ನು ದೇವಾಲಯಕ್ಕೆ ಕರೆದೊಯ್ದು ಹೆಸರಿಡಿಸುವ ಹಾಗಿಲ್ಲ ಎಂಬುದು ಅವಳಿಗೆ ತಡೆಯಲಾಗಲಿಲ್ಲ. ವಾಪಸು ಹೋದವಳೇ, ವರ್ಷಗಳಿಂದ ಮಾತು ಬಿಟ್ಟಿದ್ದ ಭಾವನ ಮುಂದೆ ನಿಂತಳು.

"ಏನ್ ಮಾಡಿದ್ರೆ ಆಗ್ತದೆ, ಏಳಿ ಭಾವ."

"ನಾನು ಎತ್ತಬೌದಾಗಿದ್ದು ಒಂದೇ ಕೈ ಕಣಮ್ಮ. ಮಹಾಸಭೆ ದಿನ ನೀವು ಎಂಗಸ್ರೆಲ್ಲ ಆರಾಧನೆ ಮುಗೀತಿದ್ದಂಗೆ ಒಲೆ ಅಚ್ಚಬೇಕು ಅಂತ ಎದ್ದೋಗ್ತೀರಲ್ಲ, ಈ ಸಾರಿ ಓಗ್ಬೇಡಿ. ಕೂತ್ಕೊಳ್ಳಿ."

ಅಮ್ಮ ಲೈನಿನ ಪ್ರತಿ ಮನೆಗೂ ಹೋದಳು. ಬಾಗಿಲು ಹಾಕಿಕೊಂಡವರುಂಟು, "ನಮ್ಮೆಜಮಾನ್ರು ಕೊಂದಾಕ್ತಾರೆ" ಎಂದವರುಂಟು. ಆದರೂ ಆ ಭಾನುವಾರ ಹೆಂಗಸರು ಏಳಲಿಲ್ಲ. ಮಕ್ಕಳನ್ನು ಮಡಿಲಲ್ಲಿ ಹಾಕಿಕೊಂಡು ಕೂತರು. ಮಧ್ಯಾಹ್ನದ ಪಾಳಿಗೆ ಹೋಗಬೇಕಾದ ಗಂಡಸರು ಹಸಿವಿನಲ್ಲಿ ಗೊಣಗಿದರು. ದೊಡ್ಡಪ್ಪ ನನ್ನ ವಿಷಯವನ್ನು ಎಂದಿನಂತೆ ಮುಂದಿಟ್ಟರು. ಮೊದಲು ಅಮ್ಮನ ಕೈ ಮೇಲೆದ್ದಿತು, ಆಮೇಲೆ ಅವಳ ಪಕ್ಕದವಳದು. ನೋಡುತ್ತಿದ್ದಂತೆ ಹೆಂಗಸರ ಕಡೆಯೆಲ್ಲ ಕೈಯೇ ಕೈ. ಎಣಿಸುವ ಅಗತ್ಯವೇ ಬೀಳಲಿಲ್ಲವಂತೆ.

ಅದಾದ ಮೇಲೆ ಅಧ್ಯಕ್ಷರ ಚುನಾವಣೆ. ಎಲ್ಲರೂ ಮತ್ತೆ ದೊಡ್ಡಪ್ಪನ ಹೆಸರನ್ನೇ ಹೇಳಿದರು. ಅವರು, "ನನ್ನೆಸ್ರು ಬೇಡ. ಈ ಎಂಗಸ್ರು ಕೂತ್ಕೊಳ್ಳೋದು ಕಲ್ತ್ಕೊಂಡ್ರು. ಇನ್ನ ಇವರ ಓಟು ಕಿತ್ಕೊಳ್ಳೋಕೆ ಯಾರ ಕೈಲೂ ಆಗಲ್ಲ. ನನ್ನ ಬುಟ್ಬುಡಿ" ಎಂದು ಕುರ್ಚಿಯಿಂದ ಇಳಿದು, ಬೆಂಚಿನಲ್ಲಿ ಜಾಗ ಮಾಡಿಸಿಕೊಂಡು ಕೂತರಂತೆ. ಸಭೆ ಕಾರ್ಯದರ್ಶಿಯನ್ನೇ ಅಧ್ಯಕ್ಷರನ್ನಾಗಿ ಆರಿಸಿತು.

ಮಾರನೆಯ ದಿನ ದೊಡ್ಡಪ್ಪ ರೈಲು ಹತ್ತಿ ನಮ್ಮ ಮನೆಗೆ ಬಂದರು. ನಾನು ಬಾಗಿಲಲ್ಲೇ ನಿಂತೆ. ಅವರು ಒಳಗೆ ಬರಲಿಲ್ಲ.

"ನಿನ್ನ ಒರಗಾಕಿದ್ದನ್ನ ನಾನೇ ಓದಿದ್ದೆ. ಒಳಗೆ ಕರಕೊಂಡಿದ್ದನ್ನೂ ನಾನೇ ಏಳ್ಬೇಕು ಅಂತ ಬಂದೆ. ಸಭೆ ನಿನ್ನ ಕರೀತೈತೆ ಕಣಮ್ಮ. ಬತ್ತೀಯೋ ಇಲ್ವೋ?"

ನನಗೆ ಅಳು ಬಂತು, ಸುಮ್ಮನೆ ತಲೆಯಾಡಿಸಿದೆ. ಅವರು ಕಾದರು. "ಬತ್ತೀನಿ ದೊಡ್ಡಪ್ಪ" ಎಂದ ಮೇಲೆಯೇ ಚಪ್ಪಲಿ ಬಿಟ್ಟು ಒಳಗೆ ಬಂದರು.

ಅವರು ಬಹಳ ದಿನ ಉಳಿಯಲಿಲ್ಲ. ಗಣಿಯ ಧೂಳು ಎದೆಗೆ ಸೇರಿತ್ತು. ಅವರು ತೀರಿಕೊಂಡ ದಿನ ನನ್ನ ಯಜಮಾನರು ಲೈನಿನ ಅಂಗಳದಲ್ಲಿ, ಯಾರ ಕಣ್ಣಿಗೂ ಬೀಳದ ಹಾಗೆ ಗೋಡೆಗೆ ಒತ್ತಿಕೊಂಡು ನಿಂತಿದ್ದರು. ಶವದ ಪೆಟ್ಟಿಗೆ ಎತ್ತುವ ಹೊತ್ತು ಬಂತು. ಹೊಸ ಅಧ್ಯಕ್ಷರು, ಅದೇ ಬಿಳಿ ಪಂಚೆಯವರು, ಸುತ್ತ ನೋಡಿ ನೇರ ನನ್ನ ಯಜಮಾನರ ಹತ್ತಿರ ಹೋದರು. ಹೊರಗೆ ಕಳಿಸುತ್ತಾರೆಂದುಕೊಂಡು ನಾನೂ ಆ ಕಡೆ ನಡೆದೆ.

"ಅಲ್ಯಾಕಪ್ಪ ನಿಂತಿದ್ದೀಯಾ? ಮುಂದ್ಕೆ ಬಾ. ಅವರ ಮನೆ ಅಳಿಯ ನೀನು" ಎಂದು ಕೈ ಹಿಡಿದು ಕರೆತಂದು, ಪೆಟ್ಟಿಗೆಯ ಮುಂಭಾಗಕ್ಕೆ ಹೆಗಲು ಕೊಡಿಸಿದರು. ಇನ್ನೊಂದು ಪಕ್ಕಕ್ಕೆ ತಾವೇ ಹೆಗಲು ಕೊಟ್ಟರು.